ಸದ್ದಿಗೆ ಹೊತ್ತಿಕೊಳ್ಳುವ ಗುಳ್ಳೆ

ನೂರು ಮಿಲಿಲೀಟರ್ ನೀರು ಹಿಡಿಯುವ ಒಂದು ದುಂಡನೆಯ ಗಾಜಿನ ಫ್ಲಾಸ್ಕ್. ಅದರ ಎರಡು ಪಕ್ಕಗಳಿಗೆ ಅಂಟಿಸಿದ ಸೆರಾಮಿಕ್ ಬಿಲ್ಲೆಗಳು. ವಿದ್ಯುತ್ ಕೊಟ್ಟರೆ ಈ ಬಿಲ್ಲೆಗಳು ಸೆಕೆಂಡಿಗೆ ಸುಮಾರು 25,000 ಸಲ ಕಂಪಿಸುತ್ತವೆ. ಮನುಷ್ಯರ ಕಿವಿ ಹೆಚ್ಚೆಂದರೆ 20,000ದವರೆಗೆ ಕೇಳೀತು. ಹಾಗಾಗಿ ನೀರೊಳಗೆ ಎಷ್ಟೇ ಗದ್ದಲವಿದ್ದರೂ ಕೋಣೆಯಲ್ಲಿ ಸದ್ದಿಲ್ಲ. ನೀರಿನಲ್ಲಿ ಕರಗಿರುವ ಗಾಳಿಯ ಬಹುಪಾಲನ್ನು ಪಂಪ್ ಹಚ್ಚಿ ಮೊದಲೇ ತೆಗೆದಿರಬೇಕು. ಆಮೇಲೆ ಸಿರಿಂಜಿನಿಂದ ಒಂದು ಹನಿ ನೀರನ್ನು ಮೇಲಿಂದ ಬೀಳಿಸಿದರೆ ಒಂದಷ್ಟು ಗುಳ್ಳೆಗಳು ಒಳಗೆ ಹೋಗುತ್ತವೆ. ಗುಳ್ಳೆ ಎಂದ ಮೇಲೆ ತೇಲಿ ಮೇಲೆ ಬರಬೇಕು. ಆದರೆ ಒಂದು ಗುಳ್ಳೆ ಮಾತ್ರ ಫ್ಲಾಸ್ಕಿನ ನಟ್ಟನಡುವೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ದೀಪ ಆರಿಸಿ, ಕಣ್ಣು ಕತ್ತಲಿಗೆ ಒಗ್ಗುವ ತನಕ ಕಾದು, ಕಂಪನದ ಜೋರನ್ನು ಚೂರುಚೂರೇ ಏರಿಸುತ್ತ ಹೋಗಬೇಕು. ಒಂದು ಹಂತದಲ್ಲಿ ಆ ಗುಳ್ಳೆ ಇದ್ದ ಜಾಗದಲ್ಲಿ ಸೂಜಿಮೊನೆಯಷ್ಟು ನೀಲಿ ಬೆಳಕು ಹೊತ್ತಿಕೊಳ್ಳುತ್ತದೆ. ಅದನ್ನು ನೋಡುವುದಕ್ಕೆ ಯಾವ ಉಪಕರಣವೂ ಬೇಡ, ಬರಿಗಣ್ಣು ಸಾಕು.

ಇದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಸೋನೋಲೂಮಿನೆಸೆನ್ಸ್, ಅಂದರೆ ಸದ್ದಿನಿಂದ ಹುಟ್ಟುವ ಬೆಳಕು. ಇಲ್ಲಿರುವುದು ನೀರು, ಗಾಳಿ ಮತ್ತು ಸದ್ದು ಇಷ್ಟೇ. ಉರಿಯುವಂಥದ್ದು ಏನೂ ಇಲ್ಲ. ನೀರು ತಣ್ಣಗೇ ಇರುತ್ತದೆ. ತಣ್ಣಗಿದ್ದಷ್ಟೂ ಬೆಳಕು ಹೆಚ್ಚು. ಹಾಗಿದ್ದರೆ ಬೆಳಕು ಬಂದದ್ದು ಎಲ್ಲಿಂದ? ಈ ಪ್ರಶ್ನೆಗೆ ಸಮಾಧಾನಕರ ಉತ್ತರ ಸಿಗಲು ಹೆಚ್ಚೂಕಡಿಮೆ ಅರವತ್ತೈದು ವರ್ಷ ಹಿಡಿಯಿತು. ದೊಡ್ಡ ದೊಡ್ಡ ಸಿದ್ಧಾಂತಗಳೆಲ್ಲ ಬಂದು ಹೋದವು. ಕೊನೆಗೆ ಕೈಹಿಡಿದದ್ದು ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ, ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಅನಿಲ. ನನಗೆ ಈ ಕಥೆಯಲ್ಲಿ ಬೆಳಕಿಗಿಂತ ಹೆಚ್ಚು ಇಷ್ಟವಾಗುವುದು ಈ ಭಾಗ.

ಬೆಳಕು ಮೊದಲು ಸಿಕ್ಕಿದ್ದು ಆಕಸ್ಮಿಕವಾಗಿ. 1934ರಲ್ಲಿ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಫ್ರೆಂಜೆಲ್ ಮತ್ತು ಶುಲ್ಟೆಸ್ ಎಂಬಿಬ್ಬರು ಫೋಟೊ ಫಿಲ್ಮನ್ನು ಬೇಗ ತೊಳೆದು ತೆಗೆಯುವ ಉಪಾಯ ಹುಡುಕುತ್ತಿದ್ದರು. ಡೆವಲಪರ್ ದ್ರಾವಣಕ್ಕೆ ಶ್ರವಣಾತೀತ ಸದ್ದು ಹಾಯಿಸಿದರೆ ಕೆಲಸ ಚುರುಕಾದೀತು ಎಂಬುದು ಅವರ ಎಣಿಕೆ. ಫಿಲ್ಮ್ ಹೊರಬಂದಾಗ ಅದರ ಮೇಲೆ ಸಣ್ಣ ಸಣ್ಣ ಚುಕ್ಕೆಗಳಿದ್ದವು. ಕತ್ತಲಲ್ಲಿದ್ದ ಫಿಲ್ಮಿಗೆ ಬೆಳಕು ತಗಲಿದ್ದಾದರೂ ಹೇಗೆ ಎಂದು ಬೆನ್ನುಹತ್ತಿದಾಗ, ದ್ರಾವಣದಲ್ಲಿ ಎದ್ದ ಗುಳ್ಳೆಗಳೇ ಬೆಳಗುತ್ತಿವೆ ಎಂಬುದು ಗೊತ್ತಾಯಿತು. ಆದರೆ ಅಲ್ಲಿ ಇದ್ದದ್ದು ಗುಳ್ಳೆಗಳ ಸಂತೆ. ಸಾವಿರಾರು ಗುಳ್ಳೆಗಳು ಹುಟ್ಟಿ, ಒಂದಕ್ಕೊಂದು ಡಿಕ್ಕಿ ಹೊಡೆದು, ಎಲ್ಲೆಂದರಲ್ಲಿ ಒಡೆಯುತ್ತಿದ್ದವು. ಯಾವ ಗುಳ್ಳೆಯಲ್ಲಿ ಯಾವಾಗ ಏನಾಯಿತು ಎಂದು ಅಳೆಯುವ ದಾರಿಯೇ ಇರಲಿಲ್ಲ. ಮುಂದಿನ ಐದು ದಶಕ ಈ ಬೆಳಕು ಕೆಲವೇ ಆಸಕ್ತರ ಕುತೂಹಲವಾಗಿ ಉಳಿಯಿತು.

ಚಿತ್ರ ಬದಲಾದದ್ದು ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ, 1989–90ರ ಹೊತ್ತಿಗೆ. ಲಾರೆನ್ಸ್ ಕ್ರಮ್ ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಫೆಲಿಪೆ ಗೈಟಾನ್ ಎಂಬ ವಿದ್ಯಾರ್ಥಿ ಒಂದೇ ಒಂದು ಗುಳ್ಳೆಯನ್ನು ಸದ್ದಿನ ಅಲೆಯಲ್ಲಿ ಹಿಡಿದು ನಿಲ್ಲಿಸಿ, ಅದು ನಿರಂತರವಾಗಿ ಬೆಳಗುವಂತೆ ಮಾಡಿದ. ಒಂದೇ ಗುಳ್ಳೆ, ಒಂದೇ ಜಾಗ, ನಿಮಿಷಗಟ್ಟಲೆ ಬೆಳಕು. ಇನ್ನು ಅಳೆಯಬಹುದು! ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೇತ್ ಪಟರ್‌ಮನ್ ಮತ್ತು ಬ್ರಾಡ್ಲಿ ಬಾರ್ಬರ್ ತಕ್ಷಣ ಅಳತೆಗೆ ಇಳಿದರು. 1991ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಭೌತವಿಜ್ಞಾನಿಗಳನ್ನು ಎಬ್ಬಿಸಿ ಕೂರಿಸಿತು. ನಮ್ಮ ಕಣ್ಣಿಗೆ ಒಂದೇ ಸಮ ಉರಿಯುವಂತೆ ಕಾಣುವ ಆ ಚುಕ್ಕೆ ವಾಸ್ತವದಲ್ಲಿ ಸದ್ದಿನ ಪ್ರತಿ ಆವರ್ತನಕ್ಕೂ ಒಂದೊಂದು ಸಲ ಮಿಂಚಿ ಆರುತ್ತದೆ, ಅಂದರೆ ಸೆಕೆಂಡಿಗೆ 25,000 ಸಲ, ಗಡಿಯಾರಕ್ಕೂ ಮೀರಿದ ಕರಾರುವಾಕ್ಕಿನಿಂದ. ಒಂದೊಂದು ಮಿಂಚಿನ ಅವಧಿ ಎಷ್ಟು ಕಿರಿದೆಂದರೆ ಅವರ ಬಳಿಯಿದ್ದ ಅತಿ ವೇಗದ ಬೆಳಕುಮಾಪಕಕ್ಕೂ ಅದು ಸಿಕ್ಕಲಿಲ್ಲ.

ಆ ಅವಧಿಯನ್ನು ಸರಿಯಾಗಿ ಅಳೆದದ್ದು 1997ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಬ್ರೂನೋ ಗೊಂಫ್ ಮತ್ತು ಸಂಗಡಿಗರು. ಸಿಕ್ಕ ಉತ್ತರ: ಸುಮಾರು 60ರಿಂದ 250 ಪಿಕೋಸೆಕೆಂಡ್. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಸೆಕೆಂಡ್. ನೂರು ಪಿಕೋಸೆಕೆಂಡಿನಲ್ಲಿ ಬೆಳಕೇ ಮೂರು ಸೆಂಟಿಮೀಟರಿಗಿಂತ ಹೆಚ್ಚು ದೂರ ಹೋಗಲಾರದು. ಒಂದು ಮಿಂಚಿಗೂ ಇನ್ನೊಂದಕ್ಕೂ ನಡುವಿನ ಬಿಡುವು 40 ಮೈಕ್ರೋಸೆಕೆಂಡ್. ಲೆಕ್ಕ ಹಾಕಿದರೆ ಆ ಗುಳ್ಳೆ ತನ್ನ ಹೊತ್ತಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು ಮಾತ್ರ ಬೆಳಗುತ್ತದೆ, ಉಳಿದೆಲ್ಲ ಹೊತ್ತೂ ಕತ್ತಲು. ಆದರೂ ನಮ್ಮ ಕಣ್ಣಿಗೆ ಕಾಣುತ್ತದೆ.

ಈಗ ಆ ಗುಳ್ಳೆಯ ಒಂದು ಆವರ್ತನವನ್ನು ಹತ್ತಿರದಿಂದ ನೋಡೋಣ. ಸದ್ದಿನ ಅಲೆ ಎಂದರೆ ಒತ್ತಡದ ಏರಿಳಿತ. ಫ್ಲಾಸ್ಕಿನ ನಡುಭಾಗದಲ್ಲಿ ಈ ಏರಿಳಿತ ಎಲ್ಲಕ್ಕಿಂತ ಜೋರು. ಏರುಪೇರಾಗುವ ಆ ಒತ್ತಡವೇ ಗುಳ್ಳೆಯನ್ನು ನಡುವಿಗೆ ದೂಡಿ, ತೇಲಿಹೋಗದಂತೆ ಹಿಡಿದಿಡುತ್ತದೆ. ಶುರುವಿನಲ್ಲಿ ಗುಳ್ಳೆಯ ತ್ರಿಜ್ಯ ಐದು ಮೈಕ್ರಾನಿನ ಆಸುಪಾಸು. ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು. ಸದ್ದಿನ ಒತ್ತಡ ಇಳಿಮುಖವಾದಾಗ ಸುತ್ತಲಿನ ನೀರು ಹಿಂದೆ ಸರಿಯುತ್ತದೆ, ಗುಳ್ಳೆ ಹಿಗ್ಗುತ್ತದೆ. ಹಿಗ್ಗಿ ಹಿಗ್ಗಿ 50 ಮೈಕ್ರಾನ್ ತಲುಪುತ್ತದೆ. ಹೊರಟ ನೀರಿಗೆ ಅದರದೇ ಓಘವಿರುವುದರಿಂದ ಒತ್ತಡ ಮತ್ತೆ ಏರತೊಡಗಿದರೂ ಗುಳ್ಳೆ ಇನ್ನೊಂದಿಷ್ಟು ಹಿಗ್ಗುತ್ತಲೇ ಇರುತ್ತದೆ. ಈಗ ಅದರೊಳಗಿನ ಅನಿಲ ತೀರಾ ವಿರಳ. ಒಳಗಿಂದ ತಡೆಯುವವರೇ ಇಲ್ಲ, ಹೊರಗೆ ವಾತಾವರಣದ ಒತ್ತಡದ ಜೊತೆಗೆ ಸದ್ದಿನ ಒತ್ತಡವೂ ಸೇರಿಕೊಂಡಿದೆ. ಸುತ್ತಲಿನ ನೀರೆಲ್ಲ ಒಮ್ಮೆಲೇ ಒಳನುಗ್ಗುತ್ತದೆ. ಕೆಲವೇ ಮೈಕ್ರೋಸೆಕೆಂಡಿನಲ್ಲಿ 50 ಮೈಕ್ರಾನಿದ್ದದ್ದು ಅರ್ಧ ಮೈಕ್ರಾನಿಗೆ ಇಳಿಯುತ್ತದೆ. ತ್ರಿಜ್ಯ ನೂರು ಪಟ್ಟು ಕುಗ್ಗಿತೆಂದರೆ ಗಾತ್ರ ಹತ್ತು ಲಕ್ಷ ಪಟ್ಟು ಕುಗ್ಗಿತು ಎಂದರ್ಥ.

ಒಳನುಗ್ಗುವ ನೀರಿನ ವೇಗ ಕೊನೆಕೊನೆಗೆ ಯಾಕೆ ಅಷ್ಟು ವಿಪರೀತ ಏರುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರು ಬ್ರಿಟನ್ನಿನ ಲಾರ್ಡ್ ರೇಲಿ, 1917ರಲ್ಲಿ. ಬೆಳಕಿನ ಸುದ್ದಿ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ. ಆಗ ತಲೆನೋವಾಗಿದ್ದುದು ಹಡಗುಗಳ ಪ್ರೊಪೆಲ್ಲರ್. ಗಟ್ಟಿ ಲೋಹದ ರೆಕ್ಕೆಗಳು ಕೆಲವೇ ಕಾಲದಲ್ಲಿ ಹುಳು ತಿಂದಂತೆ ತೂತುತೂತಾಗುತ್ತಿದ್ದವು. ರಭಸದಿಂದ ತಿರುಗುವ ರೆಕ್ಕೆಯ ಬೆನ್ನಿಗೆ ಒತ್ತಡ ಕುಸಿದು ಗುಳ್ಳೆಗಳು ಏಳುತ್ತವೆ, ಅವು ಒಡೆಯುವಾಗ ಲೋಹಕ್ಕೆ ಏಟು ಬೀಳುತ್ತದೆ ಎಂಬ ಅನುಮಾನವಿತ್ತು. ಕುದಿಬರುವ ಮುಂಚೆ ಪಾತ್ರೆಯ ನೀರು ಗುಂಯ್‌ಗುಡುತ್ತದಲ್ಲ, ರೇಲಿಯವರ ಪ್ರಬಂಧ ಶುರುವಾಗುವುದೇ ಆ ಸದ್ದಿನಿಂದ. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲಿನ ತಣ್ಣೀರಿಗೆ ಬಂದೊಡನೆ ಕುಸಿಯುವ ಸದ್ದು ಅದು. ಕುಸಿಯುವ ಗೋಳದ ಸುತ್ತ ಅವರು ಹಾಕಿದ ಲೆಕ್ಕ ಸರಳ. ನೀರು ಎಲ್ಲ ದಿಕ್ಕಿನಿಂದ ಒಂದೇ ಬಿಂದುವಿನತ್ತ ಬರುವಾಗ, ಮೊದಲು ಹೆಚ್ಚು ನೀರಿನಲ್ಲಿ ಹರಡಿದ್ದ ಶಕ್ತಿ ಬರಬರುತ್ತ ಕಡಿಮೆ ಕಡಿಮೆ ನೀರಿನ ಪಾಲಿಗೆ ಬರುತ್ತದೆ. ಹಾಗಾಗಿ ಹತ್ತಿರವಾದಷ್ಟೂ ವೇಗ ಏರುತ್ತದೆ. ಗುಳ್ಳೆ ಪೂರ್ತಿ ಖಾಲಿಯಾಗಿದ್ದರೆ ಕೊನೆಯ ಕ್ಷಣದ ವೇಗಕ್ಕೆ ಮಿತಿಯೇ ಇಲ್ಲ ಎನ್ನುತ್ತದೆ ಆ ಲೆಕ್ಕ. ನಿಜದ ಗುಳ್ಳೆಯಲ್ಲಿ ಅನಿಲವಿದೆ. ಅದರ ಪರಮಾಣುಗಳು ಇನ್ನು ಒತ್ತಲಾಗದಷ್ಟು ಒತ್ತೊತ್ತಾದಾಗ ಕುಸಿತ ನಿಲ್ಲುತ್ತದೆ.

ಹಾಗೆ ನಿಲ್ಲುವ ಕ್ಷಣವೇ ಬೆಳಕಿನ ಕ್ಷಣ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ನಿಧಾನವಾಗಿ ಒತ್ತಿದರೆ ಕಾವು ಹೊರಗೆ ಸೋರಿಹೋಗುತ್ತದೆ, ಗಬಕ್ಕನೆ ಒತ್ತಿದರೆ ಸೋರಲು ಹೊತ್ತೇ ಇರುವುದಿಲ್ಲ. ನಮ್ಮ ಗುಳ್ಳೆಯ ಕೊನೆಯ ಹಂತದ ಕುಸಿತದಲ್ಲಿ ಗೋಡೆ ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಒಳಬರುತ್ತಿರುತ್ತದೆ. ಕಾವು ಪೂರ್ತಿ ಒಳಗೇ ಸಿಕ್ಕಿಬೀಳುತ್ತದೆ. ಅನಿಲದ ಉಷ್ಣತೆ ಹತ್ತು ಸಾವಿರ ಡಿಗ್ರಿಯ ಮಟ್ಟಕ್ಕೆ ಜಿಗಿಯುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆ ಇರುವುದು ಸುಮಾರು 5,800. ಅಷ್ಟು ಬಿಸಿಯಲ್ಲಿ ಕೆಲವು ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಬಿಡುಗಡೆಯಾದ ಎಲೆಕ್ಟ್ರಾನುಗಳು ಪರಮಾಣುಗಳ ಬಳಿ ಹಾಯುವಾಗ ದಾರಿ ತಿರುಗಿ, ವೇಗ ತಗ್ಗಿ, ಇಲ್ಲವೇ ಮತ್ತೆ ಸೇರಿಕೊಂಡು ಬೆಳಕು ಚೆಲ್ಲುತ್ತವೆ. ಒಂದು ಮಿಂಚಿನಲ್ಲಿ ಲಕ್ಷದಿಂದ ಹತ್ತು ಲಕ್ಷದಷ್ಟು ಬೆಳಕಿನ ಕಣಗಳು. ಹೆಚ್ಚಿನವು ನೀಲಿಯ ಕಡೆಗೆ, ಅತಿನೇರಳೆಯ ಕಡೆಗೆ ವಾಲಿದವು. ನೀರಿನಲ್ಲಿ ಹರಡಿದ ಸದ್ದಿನಲ್ಲಿ ಒಂದೊಂದು ಅಣುವಿನ ಪಾಲಿಗೆ ಎಷ್ಟು ಶಕ್ತಿ ಬರುತ್ತದೋ, ಈ ಬೆಳಕಿನ ಒಂದೊಂದು ಕಣದಲ್ಲಿ ಅದರ ಸುಮಾರು ಲಕ್ಷ ಕೋಟಿ ಪಟ್ಟು ಶಕ್ತಿಯಿದೆ.

ಇಷ್ಟನ್ನು ಈಗ ಸಲೀಸಾಗಿ ಹೇಳಬಹುದು. ತೊಂಬತ್ತರ ದಶಕದಲ್ಲಿ ಹಾಗಿರಲಿಲ್ಲ. ‘ಬರೀ ಕಾವು’ ಎಂಬ ವಿವರಣೆ ಹಲವರಿಗೆ ತೀರಾ ಸಪ್ಪೆಯಾಗಿ ಕಂಡಿತು. ಫೈನ್‌ಮನ್, ಟೊಮೊನಾಗ ಜತೆ 1965ರ ನೊಬೆಲ್ ಹಂಚಿಕೊಂಡಿದ್ದ ಜೂಲಿಯನ್ ಶ್ವಿಂಗರ್ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಈ ಗುಳ್ಳೆಗೆ ಕೊಟ್ಟರು. ಕ್ವಾಂಟಂ ಸಿದ್ಧಾಂತದ ಪ್ರಕಾರ ನಿರ್ವಾತವೂ ನಿಜಕ್ಕೂ ಬರಿದಲ್ಲ. ಗುಳ್ಳೆಯ ಗೋಡೆ ಅಷ್ಟು ರಭಸದಿಂದ ಚಲಿಸಿದಾಗ ಆ ನಿರ್ವಾತದಿಂದಲೇ ಬೆಳಕು ಹೊಮ್ಮಬಹುದು ಎಂಬುದು ಅವರ ವಾದ. ಸೊಗಸಾದ ವಾದ. ಆದರೆ ಲೆಕ್ಕ ಹಾಕಿದಾಗ ಆ ದಾರಿಯಲ್ಲಿ ಬರಬಹುದಾದ ಬೆಳಕು ಅಳೆದದ್ದಕ್ಕಿಂತ ತೀರಾ ಕಡಿಮೆ ಎಂದಾಯಿತು. ಗುಳ್ಳೆಯೊಳಗೆ ಯಾವ ಅನಿಲವಿದೆ ಎಂಬುದಕ್ಕೆ ತಕ್ಕಂತೆ ಬೆಳಕು ಯಾಕೆ ಬದಲಾಗುತ್ತದೆ ಎಂಬುದಕ್ಕೂ ಅದರಲ್ಲಿ ಉತ್ತರ ಸಿಗಲಿಲ್ಲ. ಶ್ವಿಂಗರ್ 1994ರಲ್ಲಿ ತೀರಿಕೊಂಡರು.

ಅದೇ ವರ್ಷ ಪಟರ್‌ಮನ್ ಗುಂಪಿನಲ್ಲಿದ್ದ ರಾಬರ್ಟ್ ಹಿಲ್ಲರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಗಾಳಿಯ ಗುಳ್ಳೆ ಚೆನ್ನಾಗಿ ಬೆಳಗುತ್ತದೆ ಸರಿ, ಗಾಳಿ ಎಂದರೆ ಮುಖ್ಯವಾಗಿ ಸಾರಜನಕ ಮತ್ತು ಆಮ್ಲಜನಕ. ಹಾಗಾದರೆ ಬರೀ ಸಾರಜನಕದ ಗುಳ್ಳೆ ಮಾಡಿದರೆ? ಬೆಳಕು ಹೆಚ್ಚೂಕಡಿಮೆ ಇಲ್ಲ. ಬರೀ ಆಮ್ಲಜನಕ? ಅದರಲ್ಲೂ ಇಲ್ಲ. ಎರಡನ್ನೂ ಗಾಳಿಯಲ್ಲಿರುವ ಪ್ರಮಾಣದಲ್ಲೇ ಬೆರೆಸಿದರೆ? ಊಹೂಂ. ಆಮೇಲೆ ಆ ಮಿಶ್ರಣಕ್ಕೆ ನೂರಕ್ಕೆ ಒಂದರಷ್ಟು ಆರ್ಗಾನ್ ಸೇರಿಸಿದರು. ಗುಳ್ಳೆ ಗಾಳಿಯ ಗುಳ್ಳೆಯಂತೆಯೇ ಬೆಳಗಿತು!

ಆರ್ಗಾನ್ ನಮ್ಮ ವಾತಾವರಣದಲ್ಲಿ ನೂರಕ್ಕೆ 0.93ರಷ್ಟಿದೆ. ಯಾವುದರ ಜತೆಗೂ ಬೆರೆಯದ ಜಡಾನಿಲ. ಉಸಿರಾಟಕ್ಕೆ ಬೇಡ, ಬೆಂಕಿಗೆ ಬೇಡ, ಗಿಡಕ್ಕೆ ಬೇಡ. ಅಷ್ಟು ಅಲ್ಪ ಪ್ರಮಾಣದ ಇಂಥ ಅನಿಲ ಇಡೀ ಬೆಳಕನ್ನು ನಿರ್ಧರಿಸುವುದು ಹೇಗೆ ಸಾಧ್ಯ? ಇನ್ನೊಂದು ಒಗಟೂ ಇತ್ತು. ಗಾಳಿಯ ಗುಳ್ಳೆ ಸ್ಥಿರವಾಗಿ ಬೆಳಗಲು ನೀರಿನಲ್ಲಿ ಕರಗಿರುವ ಗಾಳಿಯನ್ನು ಐದರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಸಿದರೆ ಸಾಕಾಗುತ್ತಿತ್ತು. ಶುದ್ಧ ಆರ್ಗಾನ್ ಬಳಸಿದಾಗ ಮಾತ್ರ ಅದನ್ನು ಇನ್ನೂ ನೂರು ಪಟ್ಟು ಇಳಿಸಬೇಕಾಗುತ್ತಿತ್ತು. ಯಾಕೆ ಸರಿಯಾಗಿ ನೂರು ಪಟ್ಟು?

ಉತ್ತರ ಬಂದದ್ದು 1997ರಲ್ಲಿ, ಡೆಟ್ಲೆಫ್ ಲೋಸೆ, ಮೈಕೆಲ್ ಬ್ರೆನ್ನರ್ ಮತ್ತು ಸಾಶಾ ಹಿಲ್ಗನ್‌ಫೆಲ್ಟ್ ಅವರಿಂದ. ಅವರ ಪ್ರಕಾರ ಬೆಳಗುವ ಗುಳ್ಳೆಯಲ್ಲಿ ಗಾಳಿಯೇ ಇಲ್ಲ. ಪ್ರತಿ ಕುಸಿತದಲ್ಲೂ ಸಾವಿರಾರು ಡಿಗ್ರಿಗೆ ಕಾಯುವ ಆ ಕುಲುಮೆಯಲ್ಲಿ ಸಾರಜನಕದ ಅಣು ಮುರಿಯುತ್ತದೆ, ಆಮ್ಲಜನಕದ ಅಣುವೂ ಮುರಿಯುತ್ತದೆ. ಮುರಿದ ತುಂಡುಗಳು ತಮ್ಮತಮ್ಮಲ್ಲಿ ಮತ್ತು ನೀರಾವಿಯ ಜತೆ ಕೂಡಿ ಸಾರಜನಕದ ಆಕ್ಸೈಡುಗಳಾಗಿ, ಅಮೋನಿಯಾ ಆಗಿ ನೀರಿನಲ್ಲಿ ಕರಗಿಹೋಗುತ್ತವೆ. ಆರ್ಗಾನ್ ಮಾತ್ರ ಯಾವುದರ ಜತೆಗೂ ಕೂಡದೆ ಒಳಗೇ ಉಳಿಯುತ್ತದೆ. ಗುಳ್ಳೆ ಹಿಗ್ಗಿದಾಗಲೆಲ್ಲ ಸುತ್ತಲಿನ ನೀರಿನಿಂದ ಇನ್ನಷ್ಟು ಗಾಳಿ ಒಳಬರುತ್ತದೆ, ಕುಸಿದಾಗ ಸಾರಜನಕ, ಆಮ್ಲಜನಕ ಸುಟ್ಟುಹೋಗಿ ಆರ್ಗಾನ್ ಉಳಿಯುತ್ತದೆ. ಸೆಕೆಂಡಿಗೆ 25,000 ಸಲ ಹೀಗೇ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಗುಳ್ಳೆಯಲ್ಲಿ ಹೆಚ್ಚೂಕಡಿಮೆ ಬರೀ ಆರ್ಗಾನ್. ಗುಳ್ಳೆಯ ಲೆಕ್ಕಕ್ಕೆ ಬರುವುದು ನೀರಿನಲ್ಲಿ ಎಷ್ಟು ಗಾಳಿ ಇದೆ ಎಂಬುದಲ್ಲ, ಎಷ್ಟು ಆರ್ಗಾನ್ ಇದೆ ಎಂಬುದು. ಗಾಳಿಯಲ್ಲಿ ಆರ್ಗಾನ್ ಇರುವುದು ಹೆಚ್ಚೂಕಡಿಮೆ ನೂರಕ್ಕೆ ಒಂದು ಪಾಲು, ಅದಕ್ಕೇ ಆ ನೂರು ಪಟ್ಟು.

ಮರುವರ್ಷವೇ ಥಾಮಸ್ ಮಟುಲ ಮತ್ತು ಕ್ರಮ್ ಇದನ್ನು ಪರೀಕ್ಷೆಗೆ ಒಡ್ಡಿದರು. ಹೊಸದಾಗಿ ಬಿಟ್ಟ ಗಾಳಿಯ ಗುಳ್ಳೆಯ ಬೆಳಕು ಪೂರ್ತಿ ಏರಲು ಹೊತ್ತು ಹಿಡಿಯಿತು, ಆರ್ಗಾನ್ ಗುಳ್ಳೆ ಬೇಗನೆ ಬೆಳಗಿತು. ಒಮ್ಮೆ ಬೆಳಗಿದ್ದ ಗಾಳಿಯ ಗುಳ್ಳೆಯನ್ನು ಅರೆಕ್ಷಣ ಆರಿಸಿ ಮತ್ತೆ ಹೊತ್ತಿಸಿದರೆ ಅದೂ ಆರ್ಗಾನ್ ಗುಳ್ಳೆಯಂತೆಯೇ ನಡೆದುಕೊಂಡಿತು. ಅಷ್ಟರಲ್ಲಾಗಲೇ ಅದು ಆರ್ಗಾನ್ ಗುಳ್ಳೆ ಆಗಿಬಿಟ್ಟಿತ್ತು. ಕ್ವಾಂಟಂ ನಿರ್ವಾತದ ಮುಂದೆ ಇದು ಸಾಮಾನ್ಯ ರಸಾಯನಶಾಸ್ತ್ರ ಅನ್ನಿಸಬಹುದು. ನನಗಂತೂ ಹಾಗನ್ನಿಸುವುದಿಲ್ಲ. ಕಣ್ಣಿಗೆ ಕಾಣದ ಒಂದು ಗುಳ್ಳೆ ಸುತ್ತಲಿನ ನೀರಿನಿಂದ ತನಗೆ ಬೇಕಾದ ಅನಿಲವನ್ನು ಸೋಸಿ ಕೂಡಿಹಾಕಿಕೊಳ್ಳುತ್ತದೆ ಎಂಬುದು, ಒಂದೇ ಒಂದು ಸಂಖ್ಯೆಯ ಬೆನ್ನುಹತ್ತಿ ಅದನ್ನು ಕಂಡುಕೊಂಡದ್ದು, ಈ ಇಡೀ ವಿದ್ಯಮಾನದ ಅತ್ಯಂತ ಚೆಂದದ ಭಾಗ.

ತಣ್ಣೀರಿನಲ್ಲಿ ಬೆಳಕು ಯಾಕೆ ಹೆಚ್ಚು ಎಂಬುದೂ ಇದರ ಜತೆಗೇ ಬಿಡಿಸಿಕೊಳ್ಳುತ್ತದೆ. ಬೆಚ್ಚನೆಯ ನೀರಿನಲ್ಲಿ ಗುಳ್ಳೆಯೊಳಗೆ ಆವಿ ಹೆಚ್ಚು ಸೇರುತ್ತದೆ. ಕುಸಿತದ ಕಾವಿನ ಒಂದಷ್ಟು ಭಾಗ ಆ ಆವಿಯ ಅಣುಗಳನ್ನು ಮುರಿಯುವುದರಲ್ಲೇ ಖರ್ಚಾಗಿಹೋಗುತ್ತದೆ. ಆವಿಯೇ ಏಳದಂಥ ದ್ರವ ಬಳಸಿದರೆ? ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಸಸ್ಲಿಕ್ ಮತ್ತು ಡೇವಿಡ್ ಫ್ಲಾನಿಗನ್ ದಟ್ಟ ಸಲ್ಫ್ಯೂರಿಕ್ ಆಮ್ಲದಲ್ಲಿ ಆರ್ಗಾನ್ ಗುಳ್ಳೆಯನ್ನು ಬೆಳಗಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿನ ಗುಳ್ಳೆಗಿಂತ ಸಾವಿರಾರು ಪಟ್ಟು ಹೆಚ್ಚು ಬೆಳಕು. ಆ ಬೆಳಕಿನ ರೋಹಿತದಲ್ಲಿ ಆರ್ಗಾನ್ ಪರಮಾಣುವಿನ ಗೆರೆಗಳು ಸ್ಪಷ್ಟವಾಗಿ ಸಿಕ್ಕವು. ಅವನ್ನು ಓದಿ ಉಷ್ಣತೆ ಸುಮಾರು 15,000 ಡಿಗ್ರಿ ಎಂದು ಲೆಕ್ಕ ಹಾಕಿದರು. ಗುಳ್ಳೆಯೊಳಗೆ ಪ್ಲಾಸ್ಮಾ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡ ಅನಿಲ, ಇದೆ ಎಂಬುದಕ್ಕೂ ನೇರ ಪುರಾವೆ ದೊರೆಯಿತು.

ಇಷ್ಟು ಕಾವು ಎಂದಮೇಲೆ ಪರಮಾಣು ಸಮ್ಮಿಳನದ ಆಸೆ ಹುಟ್ಟದೇ ಇದ್ದೀತೇ? 2002ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿದ್ದ ಭಾರತ ಮೂಲದ ರೂಸಿ ತಲೆಯಾರ್‌ಖಾನ್ ಮತ್ತು ಸಂಗಡಿಗರು, ಭಾರಜಲಜನಕವಿದ್ದ ಅಸಿಟೋನಿನಲ್ಲಿ ಗುಳ್ಳೆಗಳನ್ನು ಕುಸಿಯಿಸಿ ಸಮ್ಮಿಳನದ ಕುರುಹು ಕಂಡೆವೆಂದು ‘ಸೈನ್ಸ್’ನಲ್ಲಿ ಬರೆದರು. ಬೇರೆಯವರು ಮಾಡಿ ನೋಡಿದಾಗ ಅದು ಕಾಣಲಿಲ್ಲ. ತಲೆಯಾರ್‌ಖಾನ್ ಆಮೇಲೆ ಸೇರಿದ ಪರ್ಡ್ಯೂ ವಿಶ್ವವಿದ್ಯಾಲಯದ ತನಿಖಾ ಸಮಿತಿ 2008ರಲ್ಲಿ, ಫಲಿತಾಂಶಕ್ಕೆ ಸ್ವತಂತ್ರ ದೃಢೀಕರಣ ಸಿಕ್ಕಿದೆ ಎಂಬ ಅವರ ಹೇಳಿಕೆಯ ವಿಷಯದಲ್ಲಿ ಸಂಶೋಧನಾ ದುರ್ನಡತೆ ನಡೆದಿದೆ ಎಂದು ತೀರ್ಮಾನಿಸಿತು. ಸಮ್ಮಿಳನಕ್ಕೆ ಬೇಕಿರುವುದು ಹತ್ತಾರು ಲಕ್ಷ, ಕೋಟಿ ಡಿಗ್ರಿ. ಗುಳ್ಳೆಯಲ್ಲಿ ಈವರೆಗೆ ನಂಬಿಕೆಯಿಂದ ಅಳೆದದ್ದು ಹತ್ತಾರು ಸಾವಿರ. ಈ ಅಂತರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಗುಳ್ಳೆಯಿಂದ ಅಗ್ಗದ ವಿದ್ಯುತ್ ಎಂಬ ಸುದ್ದಿ ಇನ್ನೂ ಆಗಾಗ ಹರಿದಾಡುತ್ತದೆ.

ಬೆಂಗಳೂರಿಗೂ ಈ ಬೆಳಕಿನಲ್ಲಿ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ವಿಜಯ್ ಅರಕೇರಿ ಹರಿಯುವ ನೀರಿನಲ್ಲಿ ಗುಳ್ಳೆಗಳು ಏಳುವುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಒಂಟಿ ಗುಳ್ಳೆಯ ಸುದ್ದಿ ಬಂದ ಕೆಲವೇ ವರ್ಷಗಳಲ್ಲಿ ಅವರೂ ಅದರತ್ತ ತಿರುಗಿದರು. ಕ್ಷಾರಲೋಹಗಳ ಉಪ್ಪು ಬೆರೆಸಿದ ದ್ರಾವಣದಲ್ಲಿ ಗುಳ್ಳೆಗಳು ಆ ಲೋಹದ್ದೇ ಬಣ್ಣದಲ್ಲಿ ಮಿಂಚುತ್ತವೆ. ಸೋಡಿಯಂ ಇದ್ದರೆ, ಹಳೆಯ ಬೀದಿದೀಪಗಳಲ್ಲಿ ನೋಡಿದ ಅದೇ ಹಳದಿ. ಅಂಥ ಮಿಂಚುಗಳ ಅವಧಿಯನ್ನು ಅರಕೇರಿ ಮತ್ತು ಅವರ ಸಹಸಂಶೋಧಕ ಗಿರಿ ಅಳೆದು 1998ರಲ್ಲಿ ‘ಫಿಸಿಕಲ್ ರಿವ್ಯೂ ಇ’ಯಲ್ಲಿ ಪ್ರಕಟಿಸಿದರು.

ಇದೆಲ್ಲ ಮನುಷ್ಯರ ಪ್ರಯೋಗಾಲಯದ ಮಾತಾಯಿತು. ಸಮುದ್ರದಲ್ಲಿ ಒಂದು ಸಿಗಡಿ ಗುಳ್ಳೆಯ ಕುಸಿತವನ್ನು ಬೇಟೆಗೆ ಬಳಸುತ್ತದೆ. ಬೆಚ್ಚನೆಯ ಆಳವಿಲ್ಲದ ಕಡಲುಗಳಲ್ಲಿ ಬದುಕುವ ಈ ಚಿಟಿಕೆ ಸಿಗಡಿಗೆ ಒಂದು ಇಕ್ಕಳ ಮೈಯ ಅರ್ಧದಷ್ಟು ದೊಡ್ಡದು. ಅದನ್ನು ಪಟ್ಟನೆ ಮುಚ್ಚಿದರೆ ನೀರಿನ ಧಾರೆಯೊಂದು ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಅದರ ಹಿಂದೆಯೇ ಒಂದು ಗುಳ್ಳೆ ಅರಳಿ ಕುಸಿಯುತ್ತದೆ, ಆ ಏಟಿಗೆ ಸಣ್ಣ ಜೀವಿಗಳು ತತ್ತರಿಸುತ್ತವೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇವುಗಳ ಚಟಪಟ ಸದ್ದು ಜಲಾಂತರ್ಗಾಮಿಗಳನ್ನು ಆಲಿಸಿ ಪತ್ತೆಮಾಡುವವರಿಗೆ ದೊಡ್ಡ ಅಡ್ಡಿಯಾಗಿತ್ತು. ಇಕ್ಕಳದ ಎರಡು ತುದಿ ತಾಗುವ ಸದ್ದು ಇದು ಎಂದೇ ಬಹುಕಾಲ ನಂಬಿದ್ದರು. 2000ದಲ್ಲಿ ಮೈಕೆಲ್ ವರ್ಸ್ಲೂಯಿಸ್, ಬಾರ್ಬರಾ ಶ್ಮಿಟ್ಜ್, ಲೋಸೆ ಮೊದಲಾದವರು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು, ಸದ್ದು ಬರುವುದು ಇಕ್ಕಳ ಮುಚ್ಚಿದ ಮೇಲೆ, ಗುಳ್ಳೆ ಕುಸಿದಾಗ ಎಂದು ತೋರಿಸಿದರು. ಮರುವರ್ಷ ಆ ಕುಸಿತದಲ್ಲಿ ಬೆಳಕೂ ಇದೆ ಎಂಬುದು ಸಿಕ್ಕಿತು. ಕಣ್ಣಿಗೆ ಕಾಣದಷ್ಟು ಮಂದ, ಆದರೆ ಒಳಗಿನ ಉಷ್ಣತೆ ಕನಿಷ್ಠ 5,000 ಡಿಗ್ರಿ ಇರಬೇಕೆಂಬ ಅಂದಾಜು.

ಬೆಳಕು ಕೊಡುವ ಈ ಕಾವು ರಾಸಾಯನಿಕ ಕ್ರಿಯೆಗೂ ಉಪಯೋಗಕ್ಕೆ ಬರುತ್ತದೆ. ಕುಸಿಯುವ ಗುಳ್ಳೆಯಲ್ಲಿ ನೀರಾವಿ ಮುರಿದಾಗ ಹುಟ್ಟುವ ಹೈಡ್ರಾಕ್ಸಿಲ್ ತುಣುಕುಗಳು ಮಹಾ ಚುರುಕು. ನೀರಿನಲ್ಲಿರುವ ಬಣ್ಣ, ಕೀಟನಾಶಕಗಳಂಥ ಕಲ್ಮಶವನ್ನು ಕಡಿದುಹಾಕುತ್ತವೆ. ಈ ಉದ್ದೇಶಕ್ಕೆ ಸದ್ದಿನ ತೊಟ್ಟಿಗಳನ್ನು ಕಟ್ಟುವ ಎಂಜಿನಿಯರುಗಳಿಗೆ ಒಂದು ತೊಡಕಿದೆ. ತೊಟ್ಟಿಯ ಎಲ್ಲ ಕಡೆಯೂ ಗುಳ್ಳೆಗಳು ಒಂದೇ ಹದದಲ್ಲಿ ಕೆಲಸ ಮಾಡುವುದಿಲ್ಲ, ಕೆಲವು ಮೂಲೆಗಳಲ್ಲಿ ಏನೂ ನಡೆಯದೆ ಶಕ್ತಿ ದಂಡವಾಗುತ್ತದೆ. ಅದನ್ನು ಪತ್ತೆಹಚ್ಚಲು ಅವರು ನೀರಿಗೆ ಲೂಮಿನಾಲ್ ಎಂಬ ರಾಸಾಯನಿಕ ಬೆರೆಸಿ ದೀಪ ಆರಿಸುತ್ತಾರೆ. ಹೈಡ್ರಾಕ್ಸಿಲ್ ತಗುಲಿದ ಕಡೆ ಲೂಮಿನಾಲ್ ನೀಲಿಯಾಗಿ ಹೊಳೆಯುತ್ತದೆ. ಗುಳ್ಳೆಯ ಸ್ವಂತ ಬೆಳಕಿಗಿಂತ ಇದು ಎಷ್ಟೋ ಪ್ರಖರ. ತೊಟ್ಟಿಯೊಳಗೆ ಪದರ ಪದರವಾಗಿ ನೀಲಿ ಪಟ್ಟೆಗಳು ಮೂಡುತ್ತವೆ. ಪಟ್ಟೆ ಮೂಡದ ಜಾಗಗಳನ್ನು ಗುರುತು ಹಾಕಿಕೊಂಡು, ಬಿಲ್ಲೆಗಳನ್ನು ಅಂಟಿಸುವ ಜಾಗವನ್ನೂ ಕಂಪನದ ದರವನ್ನೂ ಬದಲಿಸಿ ಮತ್ತೊಮ್ಮೆ ದೀಪ ಆರಿಸಿ ನೋಡುತ್ತಾರೆ.